ತೇಗಿಲ್ ಹೆಸರಿನಲ್ಲಿ

"ಇನ್ನೊಂದ್ಸಲ ಹೇಳು. ಯಾವ ಕಾಲೇಜು ಅಂದೆ?"

ಒಕ್ಬುನ್ ಬಾರ್ಲಿ ಚಹಾದ ಬಟ್ಟಲನ್ನು ಕುಕ್ಕಿದ ರಭಸಕ್ಕೆ ಅರ್ಧ ಚಹಾ ಮೀನುಗಾರರ ಸಂಘದ ಕಚೇರಿಯ ಗಿಡ್ಡ ಮೇಜಿನ ಮೇಲೆ ಚೆಲ್ಲಿತು. ಎದುರಿಗೆ ಮಂಡಿಯೂರಿ ಕೂತಿದ್ದ ಊರಿನ ಹುಡುಗಿ ಬೊರಮ್ ಕಣ್ಣು ತಗ್ಗಿಸಲಿಲ್ಲ. "ಬುಸಾನಿನ ಮೀನುಗಾರಿಕೆ ಕಾಲೇಜು, ಅಜ್ಜಿ. ಬೋಟು ನಡೆಸೋದು ಕಲೀತೀನಿ. ಅಪ್ಪನ ಸೊಂಟ ಬಿದ್ದುಹೋಗಿದೆ. ಬೋಟು ದಡದಲ್ಲೇ ಕೊಳೀತಿದೆ."

"ನರ್ಸಿಂಗ್ ಕಲಿ, ಲೆಕ್ಕ ಕಲಿ, ಬೇಕಾದ್ರೆ ಸಂಗೀತ ಕಲಿ. ಕಡಲಿಗೆ ಇಳಿಯೋಕೆ ಮಾತ್ರ ನನ್ನ ದುಡ್ಡು ಇಲ್ಲ."

ಗಂಡ ತೇಗಿಲ್ ಕಡಲುಪಾಲಾದ ಮೇಲೆ ಒಕ್ಬುನ್ ಅವನ ಬೋಟನ್ನು ಮಾರಿ, ಬಂದದ್ದನ್ನೆಲ್ಲ ಅವನ ಹೆಸರಿನ ವಿದ್ಯಾರ್ಥಿವೇತನಕ್ಕೆ ಇಟ್ಟಿದ್ದಳು. ತಾನು ಇವತ್ತಿಗೂ ಬಂದರುಕಟ್ಟೆಯ ಮೇಲೆ ಒಣಮೀನು ಹರಡಿ ಬದುಕುತ್ತಿದ್ದಳು. ವರ್ಷಕ್ಕೊಂದು ಮಗು ಆ ಹಣದಲ್ಲಿ ಓದಲು ದ್ವೀಪ ಬಿಟ್ಟು ಹೋಗುತ್ತಿತ್ತು. ಒಬ್ಬಳು ನರ್ಸ್ ಆದಳು, ಇನ್ನೊಬ್ಬ ಸಿಯೋಲಿನಲ್ಲಿ ತೆರಿಗೆ ಕಚೇರಿ ಸೇರಿದ. ಯಾರೂ ಮತ್ತೆ ಬಲೆ ಮುಟ್ಟಲಿಲ್ಲ. ಅವಳಿಗೆ ಬೇಕಾಗಿದ್ದುದೂ ಅದೇ.

ಪಕ್ಕದಲ್ಲಿ ಕೂತಿದ್ದ ಸಂಘದ ಮುಖ್ಯಸ್ಥ ಡೂಸಿಕ್ ಮೆಲ್ಲಗೆ ಬಾಯಿ ಹಾಕಿದ. "ಅತ್ತಿಗೆ, ಈ ಸಲ ಕೇಳಿದವಳು ಇವಳೊಬ್ಬಳೇ. ಊರಲ್ಲಿ ಇನ್ನು ಮಕ್ಕಳೆಲ್ಲಿದಾರೆ? ಎಲ್ಲರನ್ನೂ ನೀವೇ ಕಳಿಸಿಬಿಟ್ರಿ."

"ಹೌದು, ಕಳಿಸ್ದೆ. ಬದುಕಿದಾರೆ ತಾನೇ?"

"ಹಾಗಾದ್ರೆ ಅಜ್ಜನ ಹೆಸರು ಯಾಕೆ ಇಟ್ರಿ?" ಬೊರಮ್‌ಳ ದನಿ ಏರಿತು. "ಜೀವನ ಪೂರ್ತಿ ಕಡಲಲ್ಲಿ ದುಡಿದ ಮನುಷ್ಯ ಅವರು. ಅವರ ಹೆಸರನ್ನ 'ನೀರಿಗೆ ಇಳೀಬೇಡಿ' ಅನ್ನೋ ಬೋರ್ಡಿನ ಥರ ನೆಟ್ಟುಬಿಟ್ಟಿದ್ದೀರಿ. ಅವರು ಮಾಡಿದ್ದು ನಾಚಿಕೆಗೇಡಿನ ಕೆಲಸವಾ?"

"ಎದ್ದು ಹೋಗೇ!" ಒಕ್ಬುನ್ ಚೀರಿದಳು. ಹೊರಗೆ ಬಲೆ ಹೆಣೆಯುತ್ತಿದ್ದವರು ಕತ್ತೆತ್ತಿ ನೋಡಿದರು. "ಅವನ ವಿಷಯ ನಿನಗೇನೇ ಗೊತ್ತು? ಗೋರಿಯೊಳಗೆ ಇಡೋಕೆ ನನಗೆ ಅವನದೊಂದು ಶರಟು ಬಿಟ್ರೆ ಏನೂ ಸಿಗಲಿಲ್ಲ. ಶರಟು ಹೂತು ಬಂದವಳು ಕಣೇ ನಾನು!"

ಬೊರಮ್ ಎದ್ದು, ಸೊಂಟ ಬಾಗಿಸಿ ವಂದಿಸಿ, ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದಳು. ಒಕ್ಬುನ್‌ಳ ಸಿಟ್ಟು ಇಳಿಯಲಿಲ್ಲ. ಮನೆಗೆ ಬಂದು ಗಂಡನ ಫೋಟೋದ ಮುಂದೆ ಅನ್ನದ ಬಟ್ಟಲು ಇಡುವಾಗಲೂ, "ತಿನ್ನು. ಎಲ್ಲ ನಿನ್ನಿಂದಲೇ" ಎಂದು ಬೈದಳು.

ಮುಂದಿನ ವಾರ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಮೀನು ಹರಡುತ್ತಿದ್ದವಳಿಗೆ, ಹೊರಡಲು ಸಿದ್ಧವಾಗಿದ್ದ ಡೂಸಿಕ್‌ನ ಬೋಟಿನಲ್ಲಿ ಯಾರದೋ ಸಣಕಲು ದೇಹ ಐಸು ತುಂಬಿದ ಪೆಟ್ಟಿಗೆ ಎಳೆಯುತ್ತಿರುವುದು ಕಂಡಿತು. ಮೈಗೆ ದೊಡ್ಡದಾದ ಗಂಡಸರ ರಬ್ಬರ್ ಅಂಗಿ, ಮೊಣಕಾಲು ದಾಟಿದ ಬೂಟು. ಮುಖ ತಿರುಗಿದಾಗ ಅದು ಬೊರಮ್.

"ಏ ಡೂಸಿಕ್! ಆ ಹುಡುಗಿ ನಿನ್ನ ಬೋಟಲ್ಲಿ ಏನು ಮಾಡ್ತಿದಾಳೋ?"

ಚಾಲಕನ ಕೋಣೆಯ ಕಿಟಕಿಯಿಂದ ಡೂಸಿಕ್ ತಲೆ ಹೊರಹಾಕಿದ. "ಕೂಲಿ, ಅತ್ತಿಗೆ. ಒಂದು ವರ್ಷ ದುಡಿದು ಫೀಸು ತಾನೇ ಕಟ್ಕೋತಾಳಂತೆ. ನೀವು ಕೊಡಲ್ಲ ಅಂದ್ರಿ. ನಾನೂ ಆಗಲ್ಲ ಅಂದ್ರೆ ಇನ್ಯಾವುದೋ ಊರಿನ ಬೋಟು ಹತ್ತುತ್ತಾಳೆ. ನನ್ನ ಕಣ್ಣೆದುರಿಗಾದ್ರೂ ಇರಲಿ ಅಂತ." ತಲೆ ಒಳಗೆಳೆದುಕೊಂಡು ಅವನು ಸನ್ನೆಕೋಲು ಒತ್ತಿದ. ಹಗ್ಗ ಸುತ್ತುವ ಯಂತ್ರ ಗುರುಗುಟ್ಟತೊಡಗಿತು.

ಆಗ ಒಕ್ಬುನ್ ಹುಡುಗಿಯ ಕಾಲು ನೋಡಿದಳು. ಬೊರಮ್ ನಿಂತಿದ್ದುದು ಹಗ್ಗದ ಸುರುಳಿಯ ನಟ್ಟನಡುವೆ. ಆ ಹಗ್ಗದ ತುದಿಯನ್ನು ಯಂತ್ರ ಎಳೆದುಕೊಳ್ಳುತ್ತಿತ್ತು. ಒಂದೊಂದೇ ಸುತ್ತು ಬಿಚ್ಚುತ್ತಿತ್ತು. ಹುಡುಗಿಗೆ ಅದರ ಪರಿವೆಯೇ ಇರಲಿಲ್ಲ. ಅವಳು ಪೆಟ್ಟಿಗೆಗಳನ್ನು ಎಣಿಸುತ್ತಿದ್ದಳು.

ಕೂಗಿ ಹೇಳುವಷ್ಟು ಹೊತ್ತಿರಲಿಲ್ಲ. ಎಪ್ಪತ್ತರ ಮುದುಕಿ ಕಟ್ಟೆಯಿಂದ ಬೋಟಿಗೆ ಹಾರಿ, ಬೊರಮ್‌ಳ ಸೊಂಟ ತಬ್ಬಿ ಉರುಳಿಬಿದ್ದಳು. ಇಬ್ಬರೂ ಐಸಿನ ಪೆಟ್ಟಿಗೆಗಳ ಮೇಲೆ ಬಿದ್ದರು. ಹಿಂದೆ ಖಾಲಿ ಸುರುಳಿ ಸರ್ರನೆ ಬಿಗಿದು, ಚಾಟಿಯಂತೆ ಹಲಗೆಗೆ ಬಡಿದು ಯಂತ್ರದೊಳಗೆ ಹೋಯಿತು. ಡೂಸಿಕ್ ಗಾಬರಿಯಿಂದ ಯಂತ್ರ ನಿಲ್ಲಿಸಿದ.

ಒಕ್ಬುನ್ ಎದ್ದವಳೇ ಹುಡುಗಿಯ ಕೆನ್ನೆಗೆ ಬಾರಿಸಿದಳು. "ಹಗ್ಗದ ಸುರುಳಿಯೊಳಗೆ ಕಾಲಿಡಬಾರದು ಅಂತ ಯಾರೂ ಹೇಳಿಕೊಡಲಿಲ್ವೇನೇ ನಿನಗೆ? ತೇಗಿಲ್‌ನ ಎಳ್ಕೊಂಡು ಹೋಗಿದ್ದು ಇದೇ ಕಣೇ, ಇಂಥದೇ ಹಗ್ಗ!"

ಬೊರಮ್ ಕೆನ್ನೆ ಹಿಡಿದುಕೊಂಡು, ಬಣ್ಣ ಹೋದ ತುಟಿಯಲ್ಲಿ ಹೇಳಿದಳು, "ಯಾರು ಹೇಳಿಕೊಡ್ತಾರೆ, ಅಜ್ಜಿ? ಹೇಳಿಕೊಡೋ ಕಡೆ ಕಳಿಸಿ ಅಂತಾನೇ ಅಲ್ವಾ ನಾನು ನಿಮ್ಮನ್ನ ಕೇಳಿದ್ದು?"

ಒಕ್ಬುನ್ ಹುಡುಗಿಯ ಮಣಿಕಟ್ಟು ಹಿಡಿದು ಬೋಟಿನಿಂದ ಕಟ್ಟೆಗೆ ದರದರನೆ ಎಳೆದುಕೊಂಡು ನಡೆದಳು.

"ಅತ್ತಿಗೆ, ನನ್ನ ಆಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ?" ಡೂಸಿಕ್ ಹಿಂದಿನಿಂದ ಕೂಗಿದ.

"ಕಾಲೇಜಿಗೆ ಕಣೋ!" ಒಕ್ಬುನ್ ತಿರುಗದೆಯೇ ಅರಚಿದಳು. "ನಿನ್ನ ಬೋಟಲ್ಲಿ ಸಾಯೋ ಬದಲು ಓದಿಯಾದ್ರೂ ಸಾಯಲಿ!"

ಅಂದ ಮೇಲೆ 'ಸಾಯಲಿ' ಎಂಬ ಆ ಕೊನೆಯ ಮಾತು ಅವಳ ಕಿವಿಗೇ ಬಿತ್ತು. ಕಾಲು ನಿಂತಿತು. ಹುಡುಗಿಯ ಮಣಿಕಟ್ಟಿನ ಮೇಲಿದ್ದ ಅವಳ ಹಿಡಿತ, ಬೊರಮ್ "ನೋವಾಗ್ತಿದೆ, ಅಜ್ಜಿ" ಅಂದರೂ ಸಡಿಲಲಿಲ್ಲ.