ಹೇಳಿಕೊಟ್ಟ ಉತ್ತರ

"ಇವತ್ತ ಯಾವ ವಾರ ಅದರೀ, ಆಯಿ?" ತ್ರಿವೇಣಿ ಟ್ಯಾಬಿನ ಮೊದಲ ಪ್ರಶ್ನೆ ಓದಿದಳು.

"ಸ್ವಾಮಾರ ಅಂತ ಹೇಳು," ಎಂದ ದೌಲಪ್ಪ, ಹೆಂಡತಿಯ ಪಕ್ಕದ ಕುರ್ಚಿಯಿಂದ.

"ಸ್ವಾಮಾರ್ರೀ," ಎಂದಳು ಕಸ್ತೂರಿಬಾಯಿ. ಅಂದು ಸೋಮವಾರವಲ್ಲ, ಗುರುವಾರ.

ಕಮಲಾಪುರದ ದವಾಖಾನೆಯಲ್ಲಿ ಅರವತ್ತು ದಾಟಿದವರ ನೆನಪಿನ ಶಕ್ತಿ ನೋಡಲು ತ್ರಿವೇಣಿ ಕಲಬುರಗಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಹತ್ತು ನಿಮಿಷದ ಪರೀಕ್ಷೆ. ಮರೆವಿನ ಕಾಯಿಲೆಯ ಸುಳಿವು ಕಂಡರೆ ಟ್ಯಾಬ್ ಕೆಂಪು ತೋರಿಸುತ್ತದೆ. ಹೇಳಿಕೊಡಬಾರದು ಎಂದು ದೌಲಪ್ಪನಿಗೆ ಎರಡು ಸಲ ಹೇಳಿಯಾಗಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಿಟಕಿಯಿಂದ ಚೀಟಿ ಎಸೆಯುವವರಿಗಾದರೂ ಅಷ್ಟಿಷ್ಟು ಅಂಜಿಕೆ ಇರುತ್ತದೆ, ಈತನದು ರಾಜಾರೋಷ. "ಇಕಿಗಿ ಏನೂ ನೆನಪಿರಂಗಿಲ್ರಿ ಮೇಡಂ. ನಾ ಹೇಳ್ಲಿಲ್ಲಂದ್ರ ನಪಾಸಾಗ್ತಾಳ," ಎಂಬುದು ಅವನ ವಾದ.

ಮುಂದಿನದು ಚಿತ್ರಗಳ ಪ್ರಶ್ನೆ. ಮೊದಲು ತೋರಿಸಿದ್ದ ಐದು ಚಿತ್ರಗಳನ್ನು ಹನ್ನೆರಡರಲ್ಲಿ ಹುಡುಕಿ ಒತ್ತಬೇಕು. ಕಸ್ತೂರಿಬಾಯಿಯ ಬೆರಳು ನೇರವಾಗಿ ಗಿಣಿಯ ಹತ್ತಿರ ಹೋಗಿ ನಿಂತಿತು.

"ಗಿಣಿ ಎಲ್ಲಿತ್ತು? ಕಾಗಿ ಇತ್ತು. ಕಾಗಿ ಒತ್ತು."

ಬೆರಳು ಸರಿದು ಕಾಗೆಯನ್ನು ಒತ್ತಿತು. ಬೀಗದ ಹತ್ತಿರ ಹೋದದ್ದು ಛತ್ರಿಗೆ ಬಂತು, ಕೊಡದ ಹತ್ತಿರ ಹೋದದ್ದು ಕತ್ತರಿಗೆ. ತ್ರಿವೇಣಿ ಪರದೆ ಬಿಟ್ಟು ಆ ಬೆರಳನ್ನೇ ನೋಡತೊಡಗಿದಳು. ಸರಿಯುತ್ತರ ಗೊತ್ತಿದ್ದೂ ಬಿಟ್ಟುಬಿಡುವ ಇಂಥ ರೋಗಿಯನ್ನು ಅವಳು ಈವರೆಗೆ ಕಂಡಿರಲಿಲ್ಲ. ಕೊನೆಗೆ ಟ್ಯಾಬ್ ಕೆಂಪಾಯಿತು.

"ಯಜಮಾನ್ರ, ಹೊರಗ ಹೋಗಿ ಒಂದು ಚೀಟಿ ಮಾಡಿಸ್ಕೊಂಡು ಬರ್ರಿ," ಎಂದು ದೌಲಪ್ಪನನ್ನು ಸಾಗಹಾಕಿ, ಅದೇ ಪರೀಕ್ಷೆಯನ್ನು ಬೇರೆ ಚಿತ್ರಗಳೊಂದಿಗೆ ತೆರೆದಳು. ಕಸ್ತೂರಿಬಾಯಿ ಐದಕ್ಕೆ ಐದೂ ಸರಿಯಾಗಿ ಒತ್ತಿದಳು. ವಾರವೂ ಸರಿ, ತಾರೀಖೂ ಸರಿ.

"ನಿಮಗ ಎಲ್ಲಾ ಗೊತ್ತದ ಆಯಿ. ಆಗ ಯಾಕ ತಪ್ಪು ಒತ್ತಿದ್ರಿ?"

ಕಸ್ತೂರಿಬಾಯಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅವು ಅವರ ಜವಾಬು ರೀ. ಅವರದೇ ನೀವು ನೋಡ್ಬೇಕಾಗಿತ್ತು. ದವಾಖಾನಿ ಅಂದ್ರ ಸಾಕು, ನನಗೇನ್ ಹುಚ್ಚು ಹಿಡದದೇನು ಅಂತ ಸಿಟ್ಟಿಗೇಳ್ತಾರ. ಅದಕ್ಕ ಮರವು ನನಗೇ ಅದ ಅಂದೆ, ತಾವೇ ಕರ್ಕೊಂಡು ಬಂದ್ರು. ನನ್ನ ಕೇಳಿದ್ರ ಮೊದಲು ಅವರೇ ಜವಾಬು ಕೊಡೋದು, ನಲವತ್ತು ವರ್ಷದ ರೂಢಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಂಪು ಬಾಳಿ ಬೆಳೆಯೋದ್ರಾಗ ಊರಿಗೇ ಹೆಸರಾದವರು ರೀ. ಮೊನ್ನಿ ಇನ್ನೂ ಬಲೀದ ಎಳೀ ಗೊನಿ ಎಲ್ಲಾ ಕಡದು ಹಾಕ್ಯಾರ. ಕೇಳಿದವರಿಗಿ, ನಾನೇ ಕಡೀರಿ ಅಂದಿದ್ದೆ ಅಂತ ಹೇಳೀನಿ. ಇನ್ನೆಷ್ಟು ದಿನ ಮುಚ್ಚಲಿ? ಇಲಾಜು ಆಗ್ಬೇಕ್ರಿ."

ತ್ರಿವೇಣಿಗೆ ಸಂಕಟವಾಯಿತು. ಕಲಬುರಗಿಯ ದೊಡ್ಡ ದವಾಖಾನೆಗೆ ಬರೆಯುವ ಕಾಗದದಲ್ಲಿ ದೌಲಪ್ಪನ ಹೆಸರು ಬರೆದು, ಮಡಚಿ ಕಸ್ತೂರಿಬಾಯಿಯ ಕೈಗಿಟ್ಟಳು.

ದೌಲಪ್ಪ ಬರಿಗೈಯಲ್ಲಿ ಬಂದ. ಚೀಟಿಯ ಮಾತೇ ಇಲ್ಲ. "ಏನ್ ಬಂತ್ರಿ? ನಪಾಸಾ?"

"ಕಲಬುರಗಿಯೊಳಗ ಡಾಕ್ಟರಿಗಿ ತೋರಿಸ್ಬೇಕ್ರಿ. ನೀವೂ ಜೋಡಿ ಇರ್ಬೇಕು, ನಿಮ್ಮನ್ನೂ ಕೇಳ್ತಾರ."

"ನಾ ಇಲ್ದ ಹ್ಯಾಂಗ್ರಿ? ಒಬ್ಬಾಕಿನ ಬಿಟ್ರ ಹಾದಿ ತಪ್ತಾಳ," ಎಂದ ದೌಲಪ್ಪ. ಹೆಂಡತಿಯ ಕೈಯನ್ನು ಭದ್ರವಾಗಿ ಹಿಡಿದು, ಹೊರಡಲೆಂದು ಒಳಗಿನ ಔಷಧಿ ಕೋಣೆಯ ಬಾಗಿಲಿಗೆ ಹೋಗಿ ಅದರ ಚಿಲಕ ಎಳೆಯತೊಡಗಿದ.

"ಅಯ್ಯ, ನೋಡ್ರಿ," ಎಂದಳು ಕಸ್ತೂರಿಬಾಯಿ, "ನಿಮ್ಮನ್ನ ನಾ ಎಲ್ಲಿಗಿ ಎಳಕೊಂಡು ಬಂದೀನಿ. ಬಾಗ್ಲ ಆ ಕಡಿ ಅದ."