ಗುರುವಾರದ ಗಂಡ

ರವಿವಾರ ಬೆಳಿಗ್ಗೆ ಊರೆಲ್ಲ ಮಾಡುವಂತೆ ಮಹಾಂತೇಶನೂ ತನ್ನ ಮೌಲ್ಯಗಳನ್ನು ನೆನೆದು, ವಾರದ ದಿನಗಳನ್ನು ಗಂಡ, ಗೆಳೆಯ ಮುಂತಾದ ತನ್ನ ಪಾತ್ರಗಳಿಗೆ ಹಂಚಿ, ಆಯಾ ದಿನ ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆಗಳನ್ನು ಜೋಡಿಸಿಟ್ಟಿದ್ದ. ಗಂಡನ ಬಿಲ್ಲೆ ಗುರುವಾರಕ್ಕೆ ಬಿದ್ದಿತ್ತು. ಹೆಂಡತಿ ಸುವರ್ಣಾಳ ಹೊಟ್ಟೆಯ ಆಪರೇಷನ್ ಮಂಗಳವಾರ.

"ರೀ, ನಾಳೆ ದವಾಖಾನಿಗೆ ಬರ್ತೀರೋ ಇಲ್ಲೋ?" ಸೋಮವಾರ ಸಂಜೆ ಅವಳು ಮತ್ತೆ ಕೇಳಿದಳು.

ಮಹಾಂತೇಶ ಅಂಗಿಯ ಮೇಲಿದ್ದ ಗೆಳೆಯನ ಬಿಲ್ಲೆಯನ್ನು ಬೆರಳಿನಿಂದ ತೋರಿಸಿ, ಪೇಪರಿನಲ್ಲಿ ಮುಖ ಹುದುಗಿಸಿದ. ನಾಳೆಯೂ ಅದೇ ಬಿಲ್ಲೆ. ಎದೆಯ ಮೇಲಿಲ್ಲದ ಪಾತ್ರದಲ್ಲಿ ಬಾಯಿ ಬಿಡುವ ರೂಢಿ ಊರಲ್ಲಿರಲಿಲ್ಲ. ಗೋಡೆಯನ್ನು ಕೇಳಿದ್ದರೆ ಅದಾದರೂ ಹೂಂ ಅನ್ನುತ್ತಿತ್ತೇನೋ!

ಸುವರ್ಣಾ ಹಲ್ಲು ಕಚ್ಚಿಕೊಂಡು ಒಳಗೆ ಹೋದಳು. ತನ್ನ ಎದೆಯ ಮೇಲಿದ್ದ ಹೆಂಡತಿಯ ಬಿಲ್ಲೆಯನ್ನು ಕಿತ್ತು ಡಬ್ಬಿಗೆಸೆದು, ಗೆಳತಿಯ ಬಿಲ್ಲೆ ಚುಚ್ಚಿಕೊಂಡು ಬಂದು ಎದುರಿಗೆ ಕುಳಿತಳು.

ಅವನು ತಟ್ಟನೆ ಪೇಪರು ಮಡಚಿದ. "ಬರ್ರಿ, ಬರ್ರಿ! ಯಾಕ್ರೀ, ಮಾರಿ ಸಣ್ಣ ಮಾಡೀರಿ?"

"ನಾಳೆ ನಂಗ ಆಪರೇಷನ್ ಐತ್ರಿ. ನನ್ನ ಗಂಡ ಬರಾಕ ಒಲ್ಲ."

ಮಹಾಂತೇಶನ ಕಣ್ಣುಗಳು ನಿಜವಾಗಿಯೂ ತುಂಬಿ ಬಂದವು. "ನಾ ಬರ್ತೀನಲ್ಲ, ಯಾಕ ಚಿಂತಿ ಮಾಡ್ತೀರಿ?" ಎಂದವನು, ಆಮೇಲೆ ದನಿ ತಗ್ಗಿಸಿ ಕೇಳಿದ: "ಅಲ್ರೀ, ಅಂಥಾ ಗಂಡನ ಜೋಡಿ ಇಷ್ಟು ವರ್ಷ ಹ್ಯಾಂಗ ಬಾಳೇವು ಮಾಡೀರಿ?"