ಹಾಲು ಬಿದ್ದ ಕಡೆ

ದುಲ್ಮಾಜ್ಜಿ ಗುಡಾರದ ಬಾಗಿಲಲ್ಲಿ ನಿಂತು, ಮರದ ಸೌಟಿನಿಂದ ಬೆಳಗಿನ ಮೊದಲ ಹಾಲನ್ನು ಎಂದಿನಂತೆ ನೈವೇದ್ಯವಾಗಿ ಆಕಾಶಕ್ಕೆ ಚಿಮುಕಿಸಿದಳು. ಉಲಾನ್‌ಬಾತರ್ ನಗರದ ಆಕಾಶ ಒಲೆಗಳ ಹೊಗೆಯೊಳಗೆಲ್ಲೋ ಇತ್ತು. "ಏ ಗೊಂಬೊ, ನಿನ್ನ ಒಲೆಗೆ ಅದೇನು ತುರುಕ್ತೀಯೋ? ನನ್ನ ಮೊಮ್ಮಗಳು ರಾತ್ರಿಯೆಲ್ಲ ಕೆಮ್ತಾಳೆ!"

ಬೇಲಿಯಾಚೆ ಗೊಂಬೊ ನಕ್ಕ. "ಬೈಯೋಕೆ ಮುಂಚೆ ಒಳಗೆ ಬಂದು ನೋಡಜ್ಜಿ ಅಂತ ಎಷ್ಟು ಸಲ ಹೇಳ್ಲಿ? ನಿನ್ನ ಒಲೆಯಿಂದೇನು ಧೂಪ ಬರುತ್ತಾ?"

ಅಜ್ಜಿಗೆ ಮೈಯೆಲ್ಲ ಉರಿಯಿತು. ಎರಡನೇ ಸೌಟನ್ನು ಎಷ್ಟು ಜೋರಾಗಿ ಬೀಸಿದಳೆಂದರೆ ಅರ್ಧ ಹಾಲು ಅಂಗಳದಲ್ಲಿ ಚೆಲ್ಲಿ, ಅರ್ಧ ಬೇಲಿ ದಾಟಿ ಗೊಂಬೊನ ಹಿಮದ ಮೇಲೆ ಬಿತ್ತು. ಮೊಮ್ಮಗಳು ಅನುಜಿನ್ ಬೇಲಿಯ ಸಂದಿಗೆ ಕಣ್ಣಿಟ್ಟು ನೋಡಿದಳು. ಆಮೇಲೆ ತನ್ನ ಕಾಲಬುಡ ನೋಡಿಕೊಂಡಳು. "ಅಜ್ಜೀ, ಅವರ ಹಿಮದಲ್ಲಿ ಹಾಲು ಎಲ್ಲಿ ಬಿತ್ತು ಅಂತಾನೇ ಗೊತ್ತಾಗ್ತಿಲ್ಲ. ನಮ್ಮಲ್ಲಿ ಮಾತ್ರ ಬೆಳ್ಳಗೆ ಚುಕ್ಕಿ ಚುಕ್ಕಿ ಕಾಣುತ್ತಲ್ಲ, ಯಾಕೆ?"

ಅಜ್ಜಿ ಬಗ್ಗಿದಳು. ನಿನ್ನೆ ಸಂಜೆ ಬಿದ್ದ ಹೊಸ ಹಿಮ ತನ್ನ ಗುಡಾರದ ಸುತ್ತ ಮಸಿಬಟ್ಟೆಯಂತಾಗಿತ್ತು. ತಲೆ ಎತ್ತಿ ತನ್ನದೇ ಹೊಗೆಕೊಳವೆಯನ್ನು ಒಂದಷ್ಟು ಹೊತ್ತು ನೋಡಿದಳು. ಅನುಜಿನ್ ಕೆಮ್ಮಿದಳು.

ಅಜ್ಜಿ ಬೇಲಿಯ ಹತ್ತಿರ ಹೋದಳು. "ಗೊಂಬೊ," ಎಂದಳು, ಈ ಸಲ ದನಿ ತಗ್ಗಿಸಿ. "ನಿನ್ನ ಒಲೆಗೆ ಅದೇನು ಹಾಕ್ತೀಯಪ್ಪಾ?"